ಹಿಟ್ಟಿನ ಊರಿನ ಹೊಳೆದಂಡೆ

ಮಿನಿಯಾಪೊಲಿಸ್ ನಗರದಲ್ಲಿ ಮಿಸಿಸಿಪ್ಪಿ ನದಿಯ ಎರಡೂ ದಡ ಮುಟ್ಟಿ, ಸೇಂಟ್ ಆಂಟನಿ ಜಲಪಾತವನ್ನು ಸುತ್ತಿ ಬರುವ ನಡಿಗೆ ದಾರಿ ಸುಮಾರು 3 ಕಿ.ಮೀ. ಹೇಳಿಕೊಳ್ಳುವಂಥ ಏರಿಲ್ಲ, ಮಂಡಿನೋವಿನವರೂ ನಿಧಾನಕ್ಕೆ ಮುಗಿಸಬಹುದು. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋದ ನಮ್ಮವರು ಸ್ಟೋನ್ ಆರ್ಚ್ ಸೇತುವೆಯ ಮೇಲೆ ಫೋಟೋ ತೆಗೆಸಿಕೊಂಡು, ಜೋಗದ ಮುಂದೆ ಇದೇನೂ ಅಲ್ಲ ಎಂದು ತೀರ್ಪು ಕೊಟ್ಟು ವಾಪಸಾದರೆ ತಪ್ಪು ಹೇಳುವಂತಿಲ್ಲ. ಈ ನೀರನ್ನು ಹೇಗೆ ದುಡಿಸಿಕೊಂಡರು ಎಂದು ಕೇಳಿಕೊಂಡು ಬಂದವರಿಗೆ ಮಾತ್ರ ಈ ದಾರಿ ಬಾಯಿ ಬಿಡುತ್ತದೆ.

1880ರಿಂದ 1930ರವರೆಗೆ ಜಗತ್ತಿನ ಹಿಟ್ಟಿನ ರಾಜಧಾನಿ ಇದೇ ಊರು. ನಮ್ಮ ಅಂಗಡಿಗಳ ಪಿಲ್ಸ್‌ಬರಿ ಆಟಾ ಪೊಟ್ಟಣದ ಮೇಲಿನ ಹೆಸರು ಇಲ್ಲಿಯದು. ಆ ಕಂಪನಿಯ 1881ರ ಕಲ್ಲಿನ ಗಿರಣಿ ಪೂರ್ವ ದಡದಲ್ಲಿದೆ; ಈಗ ಅದರೊಳಗೆ ಕಲಾವಿದರ ಮನೆಗಳು.

ಇಡೀ ದಾರಿಯಲ್ಲಿ ನನಗೆ ಹೆಚ್ಚು ಎನಿಸಿದ್ದು ಪಶ್ಚಿಮ ದಡದ ಮಿಲ್ ರೂಯಿನ್ಸ್ ಪಾರ್ಕ್. ಮಣ್ಣಿನಡಿ ಹೂತುಹೋಗಿದ್ದ ಗಿರಣಿಗಳ ತಳಪಾಯವನ್ನೂ ನೀರು ಹೊರಬೀಳುತ್ತಿದ್ದ ಕಾಲುವೆಗಳನ್ನೂ ಅಗೆದು ತೆಗೆದು, ಪಾಳು ಪಾಳಾಗಿಯೇ ಇರಲೆಂದು ಬಿಟ್ಟಿದ್ದಾರೆ. ಜಲಪಾತದ ಮೇಲ್ಗಡೆಯಿಂದ ಕಾಲುವೆಯಲ್ಲಿ ತಂದ ನೀರು ಗಿರಣಿಯ ನೆಲದಡಿಯ ಗುಂಡಿಗೆ ಬಿದ್ದು, ಟರ್ಬೈನ್ ತಿರುಗಿಸಿ, ಈ ಕಲ್ಲುಬಾಯಿಗಳಿಂದ ಹೊರಬಂದು ಹೊಳೆ ಸೇರುತ್ತಿತ್ತು. ಫಲಕ ಓದುವ ತಾಳ್ಮೆ ಇಲ್ಲದವರೂ ಮೇಲಿನ ರಸ್ತೆಯನ್ನೊಮ್ಮೆ, ಕೆಳಗಿನ ನೀರನ್ನೊಮ್ಮೆ ನೋಡಿದರೆ ಕಾರ್ಖಾನೆಗಳು ಇಲ್ಲೇ ಯಾಕೆ ಗುಂಪುಗೂಡಿದವು ಎಂಬುದು ತಿಳಿಯುತ್ತದೆ.

ಪಕ್ಕದಲ್ಲೇ ವಾಶ್‌ಬರ್ನ್ ಎ ಗಿರಣಿ. ಗೋಧಿ ರವೆಯೊಳಗಿನ ಬೂಸಾವನ್ನು ಗಾಳಿಯಿಂದ ಹಾರಿಸುವ ಯಂತ್ರ 1870ರ ದಶಕದಲ್ಲಿ ಇಲ್ಲಿಗೆ ಬಂತು. ಆ ಸೀಮೆಯ ಗಟ್ಟಿ ಗೋಧಿಯಿಂದಲೂ ಬಿಳಿ ಹಿಟ್ಟು ತೆಗೆಯಬಹುದೆಂದಾಯಿತು. ಗಿರಣಿಯ ಗಾಳಿಯಲ್ಲಿ ಹಿಟ್ಟಿನ ಧೂಳೂ ತುಂಬಿತು. 1878ರ ಮೇ 2ರ ಸಂಜೆ ಆ ಧೂಳಿಗೆ ಬೆಂಕಿ ತಗುಲಿ ಗಿರಣಿ ಸಿಡಿಯಿತು. 18 ಜನ ಸತ್ತರು. ಮತ್ತೆ ಕಟ್ಟಿದ ಗಿರಣಿ 1965ರಲ್ಲಿ ಮುಚ್ಚಿತು, 1991ರಲ್ಲಿ ಸುಟ್ಟಿತು, 2003ರಲ್ಲಿ ಮಿಲ್ ಸಿಟಿ ಮ್ಯೂಸಿಯಂ ಆಯಿತು. ಸುಟ್ಟ ಗೋಡೆಗಳಿಗೆ ಸೂರು ಹಾಕದೆ ನಡುವೆ ಬಯಲಂಗಳ ಬಿಟ್ಟದ್ದು ಒಳ್ಳೆಯ ವಾಸ್ತುಶಿಲ್ಪಿಯ ಸಂಯಮ. ನೆರೆಯ ಗತ್ರಿ ರಂಗಮಂದಿರದ ನೀಲಿ ಕಟ್ಟಡದಲ್ಲಿ ಆ ಸಂಯಮ ಕಾಣದು, ಆದರೆ ಅದರಿಂದ ಹೊರಚಾಚಿದ ಮೊಗಸಾಲೆಯಲ್ಲಿ ನಿಂತು ಹೊಳೆ ನೋಡುವುದೇನೋ ಸೊಗಸೇ.

ನನ್ನ ತಕರಾರು ಬೇರೆ. ಗಿರಣಿಯಲ್ಲಿ ದುಡಿದವರ ಸ್ವಂತ ದನಿಯನ್ನು ಮ್ಯೂಸಿಯಂ ಧ್ವನಿಮುದ್ರಿಸಿ ಇಟ್ಟಿದೆ. ಒಂದು ದೊಡ್ಡ ಲಿಫ್ಟಿನಲ್ಲಿ ಕೂರಿಸಿ, ಮಹಡಿ ಮಹಡಿಯಲ್ಲಿ ನಿಲ್ಲಿಸಿ ಕೇಳಿಸುತ್ತಾರೆ. ಅಚ್ಚುಕಟ್ಟಾದ ಕೆಲಸ, ಆದರೆ ಟಿಕೆಟ್ ಕೊಂಡವರಿಗೆ. ಹೊರಗೆ ಬಿಟ್ಟಿಯಾಗಿ ನಡೆಯುವವನಿಗೆ ಸಿಗುವುದು ನೀರಿನ ಬಲ, ಕಲ್ಲಿನ ಕಥೆ, ಮಾಲೀಕರ ಹೆಸರು. ಮೂಟೆ ಹೊತ್ತವರು, ಚೀಲ ಹೊಲಿದವರು ದಾರಿಯ ಮೇಲೆ ಎದುರಾಗುವುದಿಲ್ಲ. ಎಂಟು ಗಂಟೆಯ ದುಡಿಮೆ ಕೇಳಿ ಇಲ್ಲಿಯ ಗಿರಣಿ ಕೆಲಸಗಾರರು 1903ರಲ್ಲಿ ಮುಷ್ಕರ ಹೂಡಿ ಸೋತದ್ದು ಈ ಕಲ್ಲುಗಳಿಂದ ತಿಳಿಯುವ ಸಂಗತಿಯಲ್ಲ.

ಜಲಪಾತದ ವಿಷಯದಲ್ಲೂ ಈ ನುಣುಪು ಇದೆ. ಸೇತುವೆಯಿಂದ ಕಾಣುವ ಬೆಳ್ನೊರೆಯ ಅಡಿಯಲ್ಲಿರುವುದು ಕಾಂಕ್ರೀಟಿನ ಇಳಿಜಾರು. 1869ರಲ್ಲಿ ಹೊಳೆಯ ತಳದಲ್ಲಿ ಕೊರೆಯುತ್ತಿದ್ದ ಸುರಂಗ ಕುಸಿದು ಜಲಪಾತವೇ ಕೊಚ್ಚಿಹೋಗುವಂತಾದಾಗ, ಅದನ್ನು ಹಿಡಿದು ನಿಲ್ಲಿಸಲು ಮುಂದೆ ಕಟ್ಟಬೇಕಾಯಿತು. ಡಕೋಟಾ ಜನರು ಓವಾಮ್ನಿಯೊಮ್ನಿ ಎಂದು ಕರೆದು ಪವಿತ್ರವೆಂದು ಭಾವಿಸಿದ ತಾಣವಿದು. ಅವರ ಸ್ಪಿರಿಟ್ ಐಲ್ಯಾಂಡ್ ಎಂಬ ನಡುಗಡ್ಡೆಯನ್ನು ಕಲ್ಲಿಗಾಗಿ ಒಡೆದರು. ದೋಣಿಗಳನ್ನು ಏರಿಳಿಸುವ ಲಾಕ್ ಕಟ್ಟುವಾಗ ಉಳಿದ ಚೂರೂ ಹೋಯಿತು. ಆ ಲಾಕನ್ನೂ 2015ರಲ್ಲಿ ಮುಚ್ಚಿದರು. ಇಲ್ಲದ ನಡುಗಡ್ಡೆಯನ್ನು ನಡೆಯುವವರ ಕಣ್ಣಿಗೆ ಕಟ್ಟಿಸುವುದು ಕಷ್ಟವೇ, ಒಪ್ಪುತ್ತೇನೆ.

ಆದರೆ ಸತ್ತವರನ್ನು ಹೆಸರು ಹಿಡಿದು ನೆನೆಯುವುದು ಈ ಊರಿಗೆ ಬರದ ವಿದ್ಯೆಯಲ್ಲ. 2007ರಲ್ಲಿ ಇಲ್ಲಿಗೆ ಸಮೀಪದಲ್ಲೇ ಹೆದ್ದಾರಿ ಸೇತುವೆ ಕುಸಿದು 13 ಜನ ಸತ್ತರು. ಅವರಿಗಾಗಿ ದಂಡೆಯ ರಸ್ತೆಯ ಬದಿಯಲ್ಲಿ 13 ಕಂಬಗಳಿವೆ, ತಲಾ ಒಬ್ಬೊಬ್ಬರ ಹೆಸರಿಗೆ. ನೋಡಲು ಟಿಕೆಟ್ ಬೇಕಿಲ್ಲ. ಮ್ಯೂಸಿಯಂನ ಲಿಫ್ಟಿನಲ್ಲಿರುವ ದನಿಗಳಲ್ಲಿ ನಾಲ್ಕನ್ನಾದರೂ ಪಾರ್ಕಿನ ಕಲ್ಲುಬಾಯಿಗಳ ಪಕ್ಕ ಕೇಳುವಂತೆ ಮಾಡಿದರೆ, ಈ 3 ಕಿ.ಮೀ. ಮುಗಿಸಲು ಈಗಿನದಕ್ಕಿಂತ ಅರ್ಧ ಗಂಟೆ ಹೆಚ್ಚು ಹಿಡಿದೀತು. ಹಿಡಿಯಲಿ.