ಜಿಂಬರ್ನಾತನ ಗ್ರಂಥವೂ ಶ್ರೋಣಿಯ ಒಂದು ಅಸ್ಥಿಬಂಧವೂ

ಶರೀರರಚನಾಶಾಸ್ತ್ರದಲ್ಲಿ ವ್ಯಕ್ತಿನಾಮಗಳಿಂದ ಪ್ರಸಿದ್ಧವಾದ ಅಂಗಭಾಗಗಳು ಅನೇಕ. ಅಂತಹ ಹೆಸರನ್ನು ಕಂಡೊಡನೆ ಆ ಭಾಗವನ್ನು ಮೊದಲು ಕಂಡವನೇ ಆ ವ್ಯಕ್ತಿಯೆಂದು ಭಾವಿಸುವುದು ವಾಡಿಕೆ. ಈ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು, ಸ್ಪೇನಿನ ಆಂತೋನಿಯೊ ದೆ ಜಿಂಬರ್ನಾತನು (1734–1816) ತೊಡೆಯ ಹರ್ನಿಯದ ಶಸ್ತ್ರಕ್ರಿಯೆಯನ್ನು ಕುರಿತು 1793ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಪ್ರಕಟಿಸಿದ ಗ್ರಂಥವನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸಬಯಸುತ್ತೇವೆ. ನಾವು ವೈದ್ಯರಲ್ಲ, ನಮ್ಮ ಪರಿಶೀಲನೆ ಚರಿತ್ರೆಯ ಮೇರೆಯನ್ನು ಮೀರುವುದಿಲ್ಲ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಸೊಂಟದ ಮೂಳೆಯ ಮುಂದಿನ ಮೊನೆಯಿಂದ ಜಘನಾಸ್ಥಿಯವರೆಗೆ, ಹೊಟ್ಟೆಯೂ ತೊಡೆಯೂ ಕೂಡುವ ಸಂದಿಯಲ್ಲಿ, ಬಿಗಿಯಾದ ಪಟ್ಟಿಯೊಂದು ಹಾಯುತ್ತದೆ. ಫ್ರಾನ್ಸಿನ ಪೂಪಾರನ ಹೆಸರನ್ನು ಹೊತ್ತ ಈ ಅಸ್ಥಿಬಂಧವನ್ನು ಇಟಲಿಯ ಫಲೋಪ್ಪಿಯೊ ಅವನಿಗಿಂತ ಒಂದು ಶತಮಾನಕ್ಕೂ ಹಿಂದೆಯೇ ವರ್ಣಿಸಿದ್ದನು. ಪಟ್ಟಿಯ ಒಳತುದಿ ಹಿಂದಕ್ಕೆ ಬಾಗಿ, ತ್ರಿಕೋನಾಕಾರವಾಗಿ ಹರಡಿ, ಜಘನಾಸ್ಥಿಯ ಏಣನ್ನು ಹಿಡಿಯುತ್ತದೆ. ಇದೇ ಲ್ಯಾಕುನಾರ್ ಅಥವಾ ಜಿಂಬರ್ನಾತನ ಅಸ್ಥಿಬಂಧ. ಅದರ ಹೊರ ಅಂಚು ಕುಡುಗೋಲಿನಂತೆ ಬಾಗಿ ಗಡುಸಾಗಿದೆ. ಈ ಅಂಚಿಗೂ ತೊಡೆಯ ದೊಡ್ಡ ಅಭಿಧಮನಿಗೂ ನಡುವೆ ಒಂದು ಕಿರುದ್ವಾರವುಂಟು. ಅದರಲ್ಲಿ ಜಾರಿಬಂದ ಕರುಳು ಸಿಕ್ಕಿಕೊಂಡರೆ ರಕ್ತಸಂಚಾರ ನಿಂತು ಕೊಳೆಯುತ್ತದೆ. ಈ ಬಗೆಯ ಹರ್ನಿಯ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಗ್ರಂಥದ ಸಾರವೆಲ್ಲ ಒಂದೇ ಪ್ರಶ್ನೆಯಲ್ಲಿ ಅಡಗಿದೆ: ದ್ವಾರವನ್ನು ಹಿಗ್ಗಿಸಲು ಕತ್ತಿ ಯಾವ ದಿಕ್ಕಿಗೆ ಸಾಗಬೇಕು? ಮೇಲ್ಮುಖವಾಗಿ ಕೊಯ್ದರೆ ಗಂಡಸರಲ್ಲಿ ವೀರ್ಯರಜ್ಜುವಿಗೆ ಅಪಾಯ. ಹೊರಮುಖವಾಗಿ ಕೊಯ್ದರೆ ಎಪಿಗ್ಯಾಸ್ಟ್ರಿಕ್ ಅಪಧಮನಿಗೆ ಅಪಾಯ. ಆದ್ದರಿಂದ ಒಳಮಗ್ಗುಲಿನ ಈ ಅಸ್ಥಿಬಂಧವನ್ನೇ ಕತ್ತರಿಸಬೇಕೆಂಬುದು ಗ್ರಂಥಕರ್ತನ ಸಿದ್ಧಾಂತ. ಕರುಳಿನ ಒಳಮಗ್ಗುಲಲ್ಲಿ ತೋಡುಳ್ಳ ಸಲಾಕೆಯನ್ನು ತೂರಿಸಿ, ಆ ತೋಡಿನಲ್ಲಿಯೇ ಕಿರಿದಾದ ಕತ್ತಿಯನ್ನು ನಡೆಯಿಸಬೇಕೆಂದು ಅವನು ವಿಧಿಸುತ್ತಾನೆ. 1777ರಲ್ಲಿ ಲಂಡನ್ನಿನಲ್ಲಿ ಜಾನ್ ಹಂಟರನಿಗೆ ಇದನ್ನು ತೋರಿಸಿ ಒಪ್ಪಿಗೆಯನ್ನೂ ಪಡೆದಿದ್ದನು. ಆದರೂ ಗ್ರಂಥ ಅಚ್ಚಾಗಲು 16 ವರ್ಷ ಹಿಡಿಯಿತು. ಥಾಮಸ್ ಬೆಡೋಸನ ಇಂಗ್ಲಿಷ್ ಅನುವಾದ 1795ರಲ್ಲಿ ಹೊರಬಂದಿತು.

ಈ ವಿಧಾನ ಸರ್ವತ್ರ ನಿರಪಾಯವೆಂದು ಹೇಳಲಾಗದು. ಕೆಲವರ ದೇಹದಲ್ಲಿ ಆಬ್ಚುರೇಟರ್ ಅಪಧಮನಿ ಎಂದಿನ ಹಾದಿಯನ್ನು ಬಿಟ್ಟು, ಎಪಿಗ್ಯಾಸ್ಟ್ರಿಕ್ ಅಪಧಮನಿಯಿಂದ ಕವಲೊಡೆದು, ಈ ಅಂಚನ್ನೇ ಬಳಸಿ ಇಳಿಯುವುದುಂಟು. ಕಾಣದ ಆ ನಾಳಕ್ಕೆ ಕತ್ತಿ ತಾಗಿದರೆ ಪ್ರಾಣಕ್ಕೇ ಸಂಚಕಾರ. ಆ ಭಾಗದ ಇಂತಹ ನಾಳಬಂಧಕ್ಕೆ 'ಮೃತ್ಯುಕಿರೀಟ' ಎಂಬರ್ಥದ ಲ್ಯಾಟಿನ್ ಹೆಸರು ಬಂದುದು ಅಕಾರಣವಲ್ಲ. ಸಾಮಾನ್ಯ ದೇಹರಚನೆಯಿಂದ ಪಡೆದ ನಿಯಮವನ್ನು ಪ್ರತಿಯೊಂದು ದೇಹಕ್ಕೂ ಅನ್ವಯಿಸುವಾಗ ಎಚ್ಚರ ಬೇಕೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ಜಿಂಬರ್ನಾತನ ಹಿರಿಮೆ ಯಾವುದರಲ್ಲಿದೆ? ಪೂರ್ವಿಕರು ವರ್ಣಿಸಿದ್ದ ಪಟ್ಟಿಯ ಒಂದು ಮೂಲೆಯನ್ನು ಕಂಡುದರಲ್ಲಿ ಅಷ್ಟಾಗಿ ಇಲ್ಲ. ಆ ಮೂಲೆಯ ಜ್ಞಾನದಿಂದ ಶಸ್ತ್ರವೈದ್ಯನ ಕೈಗೆ ದಿಕ್ಕನ್ನು ತೋರಿಸಿದುದರಲ್ಲಿದೆ. ಶೋಧದ ಚರಿತ್ರೆಯನ್ನು 'ಮೊದಲು ಕಂಡವರ' ಪಟ್ಟಿಯಾಗಿ ಬರೆಯುವವರು ಈ ಭೇದವನ್ನು ಗಮನಿಸುವುದಿಲ್ಲ. 1955ರಲ್ಲಿ ಪ್ಯಾರಿಸಿನಲ್ಲಿ ಅಂಗೀಕೃತವಾದ ಅಂತರರಾಷ್ಟ್ರೀಯ ನಾಮಾವಳಿ ವ್ಯಕ್ತಿನಾಮಗಳನ್ನು ಕೈಬಿಟ್ಟಿತು. ವಿದ್ಯಾರ್ಥಿಗಳ ಸೌಕರ್ಯದ ದೃಷ್ಟಿಯಿಂದ ಇದು ಯುಕ್ತವೇ ಸರಿ. ಪೂಪಾರನ ಹೆಸರಿನಂತಹವು ಚರಿತ್ರೆಗೆ ನ್ಯಾಯವನ್ನೂ ಸಲ್ಲಿಸಿರಲಿಲ್ಲ. ಆದರೆ ಹೆಸರಿನೊಡನೆ ಗ್ರಂಥದ ಪರಿಚಯವೂ ಅಳಿದರೆ, ಆ ನಿಯಮ ಯಾವ ಅಪಾಯಗಳ ನಡುವೆ ರೂಪುಗೊಂಡಿತೆಂಬ ತಿಳಿವಳಿಕೆಯೂ ಅಳಿಯುತ್ತದೆ. ಪಾಠಪುಸ್ತಕದಿಂದ ಮರೆಯಾದ ಹೆಸರನ್ನು ಅದರ ಕಾರ್ಯದೊಡನೆ ಉಳಿಸಿಕೊಳ್ಳುವ ಹೊಣೆ ಇನ್ನು ಚರಿತ್ರಕಾರರದೆಂದು ನಮ್ಮ ಅಭಿಪ್ರಾಯ.