ತಂದೆ ಸಿಕ್ಕಿದ ಮೇಲಿನ ಕಥೆ

ಕಾಣೆಯಾದವರ ಪ್ರಕಟಣೆಗಳಲ್ಲಿ ಬಳಕೆಯಾಗುವ ಒಣ ಮಾತನ್ನೇ ಶೀರ್ಷಿಕೆಯಾಗಿಸಿಕೊಂಡು 2016ರಲ್ಲಿ ತೆರೆಕಂಡ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಮರೆವಿನ ರೋಗವನ್ನು ಕಥೆಯ ನಡುವಿಗೆ ತಂದ ಕನ್ನಡ ಚಿತ್ರ. ಆಲ್ಝೈಮರ್ ಪೀಡಿತರಾದ ವೆಂಕೋಬರಾಯರು ಬೆಂಗಳೂರಿನ ಆರೈಕೆ ಕೇಂದ್ರವೊಂದರಲ್ಲಿದ್ದಾರೆ. ಮುಂಬಯಿಯಲ್ಲಿ ಉದ್ಯೋಗದಲ್ಲಿರುವ ಮಗ ಶಿವ ಬಂದು, ತಂದೆಯನ್ನು ಹೊರಗೆ ಕರೆದೊಯ್ದು, ಕಳೆದುಕೊಳ್ಳುತ್ತಾನೆ. ಮುಂದಿನದೆಲ್ಲ ಹುಡುಕಾಟ. ಅನಂತನಾಗ್ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮರೆತವನ ಮುಖದಲ್ಲಿ ಅವರು ಶೂನ್ಯವನ್ನು ತೋರಿಸುವುದಿಲ್ಲ, ಸೌಜನ್ಯವನ್ನು ತೋರಿಸುತ್ತಾರೆ. ಹೆಸರುಗಳು ಅಳಿದರೂ ಪತ್ನಿಯ ಮೇಲಿನ ಪ್ರೀತಿ ಅಳಿದಿಲ್ಲ.

ನಮ್ಮ ಶಾಸ್ತ್ರದೃಷ್ಟಿಗೂ ಇದು ಒಪ್ಪುವಂಥದು. ತತ್ತ್ವಾರ್ಥಸೂತ್ರವು ಸ್ಮೃತಿಯನ್ನು ಮತಿಜ್ಞಾನದಲ್ಲಿಯೇ ಎಣಿಸುತ್ತದೆ. ಜ್ಞಾನಾವರಣೀಯ ಕರ್ಮವು ಮತಿಜ್ಞಾನಕ್ಕೆ ಪರದೆಯಾಗಬಹುದು. ಜೀವದ ಚೈತನ್ಯಲಕ್ಷಣವನ್ನು ಅದು ಇಲ್ಲವಾಗಿಸದು. ‘ಅಜ್ಜ ಎಂದೋ ಹೋದರು, ದೇಹ ಮಾತ್ರ ಉಳಿದಿದೆ’ ಎಂದು ಮನೆಗಳಲ್ಲಿ ಆಡುವ ಮಾತು, ಎಷ್ಟೇ ದುಃಖದಿಂದ ಬಂದದ್ದಾಗಲಿ, ಸಿದ್ಧಾಂತಕ್ಕೆ ವಿರುದ್ಧವಾದದ್ದು.

ಆದರೂ ಈ ಚಿತ್ರದ ಬಗ್ಗೆ ನನ್ನದೊಂದು ಗಂಭೀರವಾದ ಆಕ್ಷೇಪಣೆ ಇದೆ. ಕಳೆದುಹೋದ ತಂದೆಯನ್ನು ಪ್ರೀತಿಸುವುದು ಸುಲಭ. ಕೋಣೆಯಲ್ಲಿಯೇ ಕುಳಿತಿರುವ ತಂದೆಯನ್ನು ಪ್ರೀತಿಸುವುದೇ ಕಠಿಣ. ಚಿತ್ರವು ಮೊದಲನೆಯದನ್ನು ಆರಿಸಿಕೊಂಡಿತು. ಅದಕ್ಕೆ ಕೊಲೆಗಡುಕರ ಉಪಕಥೆಯೂ ಸೇರಿ ಕುತೂಹಲ ಬೆಳೆಯಿತು, ಮಗನ ಪಶ್ಚಾತ್ತಾಪ ಪೂರ್ಣವಾಯಿತು. ಉಣಿಸುವ, ಒರೆಸುವ, ಹಾಸಿಗೆ ಬದಲಿಸುವ ಕೈಗಳು ಮಾತ್ರ ಕಥೆಯ ಅಂಚಿನಲ್ಲಿ ಉಳಿದುವು. ತಂದೆ ಸಿಕ್ಕಿದ ಮೇಲೆ ಬರುವ ವರ್ಷಗಳ ಕಡೆಗೆ ಕ್ಯಾಮೆರಾ ತಿರುಗಲೇ ಇಲ್ಲ.

ಆ ವರ್ಷಗಳಲ್ಲಿ ಏನಾಗುತ್ತದೆ? ಈ ರೋಗವುಳ್ಳ ಅನೇಕರಿಗೆ ಸಂಜೆಯಾಗುತ್ತಲೇ ತಳಮಳ ಹೆಚ್ಚುತ್ತದೆ. ‘ಮನೆಗೆ ಹೋಗಬೇಕು’ ಎಂದು ಬಾಗಿಲಿಗೆ ಬರುತ್ತಾರೆ, ಉಂಡದ್ದನ್ನು ಮರೆತು ಮತ್ತೆ ಊಟ ಬೇಡುತ್ತಾರೆ. ಜೀವಮಾನವೆಲ್ಲ ರಾತ್ರಿಭೋಜನ ತ್ಯಾಗವನ್ನು ಪಾಲಿಸಿದ ಶ್ರಾವಕಿಯೊಬ್ಬಳು ರಾತ್ರಿ ಒಂಬತ್ತಕ್ಕೆ ಅನ್ನ ಕೇಳಿದರೆ, ಜೈನ ವೃದ್ಧಾಶ್ರಮದ ಆಯಾ ಏನು ಮಾಡಬೇಕು? ಸೂರ್ಯಾಸ್ತಕ್ಕೆ ಮುನ್ನ ತೃಪ್ತಿಯಾಗುವಂತೆ ಬಡಿಸುವುದು, ಬಳಿಕ ಕೈಹಿಡಿದು ಮಾತನಾಡಿಸುವುದು, ಪರಿಚಿತವಾದ ಸ್ತೋತ್ರವನ್ನು ಹೇಳಿಕೊಡುವುದು ಮೊದಲ ಕರ್ತವ್ಯ. ಅದರಿಂದಲೂ ಸಮಾಧಾನವಾಗದಿದ್ದರೆ ಕೊಡಬೇಕೆಂದೇ ನನ್ನ ಅಭಿಪ್ರಾಯ. ವ್ರತವೆಂಬುದು ಅರಿತು ಹಿಡಿದವರದು. ಅರಿವು ಮಂಕಾದವಳನ್ನು ಹಸಿವಿನಲ್ಲಿ ಅಳಿಸಿ ನಾವು ಅವಳ ವ್ರತವನ್ನು ಕಾಯಲಾರೆವು. ವಿದ್ವಾಂಸರು ಭಿನ್ನಾಭಿಪ್ರಾಯ ತಿಳಿಸಿದರೆ ಸಂತೋಷ.

ಅಂತ್ಯಕಾಲದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ರೋಗದ ಕೊನೆಯ ಹಂತದಲ್ಲಿ ನುಂಗುವ ಶಕ್ತಿಯೇ ಕುಗ್ಗುತ್ತದೆ. ತುತ್ತು ಬಾಯಲ್ಲಿಯೇ ಉಳಿಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಜಾರುತ್ತದೆ. ಇದನ್ನು ಕಂಡು ‘ಅಜ್ಜಿ ಆಹಾರ ತ್ಯಜಿಸಿದರು, ಸಲ್ಲೇಖನ ಹಿಡಿದರು’ ಎಂದು ಭಾವಿಸುವುದು ಭಕ್ತಿಯಂತೆ ಕಾಣುತ್ತದೆ, ಆದರೆ ಸತ್ಯವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಸಲ್ಲೇಖನಕ್ಕೆ ನಿವಾರಣೆಯಿಲ್ಲದ ಮುಪ್ಪು ರೋಗಗಳನ್ನು ಸಂದರ್ಭವಾಗಿ ಹೇಳುತ್ತದೆ, ನಿಜ. ಅದರೊಡನೆಯೇ ರಾಗದ್ವೇಷಗಳನ್ನು ಬಿಟ್ಟು, ಬಂಧುಗಳನ್ನು ಕ್ಷಮಿಸಿ, ಅವರಿಂದ ಕ್ಷಮೆ ಬೇಡಿ, ಮಾಡಿದ ಪಾಪಗಳ ಆಲೋಚನೆ ಮಾಡಬೇಕೆಂದೂ ವಿಧಿಸುತ್ತದೆ. ನೆನಪಿಲ್ಲದವರು ಆಲೋಚನೆ ಮಾಡುವುದು ಹೇಗೆ? ಮನೆಯವರು ಅವರ ಪರವಾಗಿ ಸಂಕಲ್ಪಿಸಲು ಇದು ವ್ಯಾಪಾರದ ಮುಖತ್ಯಾರುಪತ್ರವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ಆಚರಣೆಯನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ, ಇದು ಪೂರ್ಣ ಎಚ್ಚರದ ಕ್ರಿಯೆಯೆಂದು ನಾವು ದೇಶದಾದ್ಯಂತ ವಾದಿಸಿದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಎಚ್ಚರವಿಲ್ಲದವರಿಗೆ ಅದೇ ಹೆಸರಿಟ್ಟರೆ ನಮ್ಮ ವಾದವನ್ನು ನಾವೇ ಬಿಟ್ಟುಕೊಟ್ಟಂತೆ.

ಇದರ ವಿರುದ್ಧದ ತುದಿಯೂ ಇದೆ. ಮೂಗಿನ ಮೂಲಕ ನಳಿಕೆ ಇಳಿಸುವುದೇ ಮಕ್ಕಳ ಧರ್ಮವೆಂದು ಹಠ ಹಿಡಿಯುವವರಿದ್ದಾರೆ. ಈ ರೋಗದ ಕೊನೆಯ ಹಂತದಲ್ಲಿ ನಳಿಕೆಯಿಂದ ಆಯುಷ್ಯ ಹೆಚ್ಚಿತೆಂಬುದಕ್ಕೆ ಆಧಾರ ಸಿಕ್ಕಿಲ್ಲ; ರೋಗಿ ಅದನ್ನು ಕಿತ್ತುಹಾಕದಂತೆ ಕೈ ಕಟ್ಟುವ ಸಂದರ್ಭವೂ ಬರುತ್ತದೆ. ಎಬ್ಬಿಸಿ ಕೂರಿಸಿ, ಸಣ್ಣ ಚಮಚೆಯಲ್ಲಿ, ಅವರು ಬಯಸಿದಷ್ಟನ್ನೇ ಕೈಯಾರೆ ಉಣಿಸಬೇಕೆಂಬುದು ವೃದ್ಧರೋಗ ತಜ್ಞರ ಸಲಹೆ. ನಮ್ಮ ವೈಯಾವೃತ್ತ್ಯದ ಕಲ್ಪನೆ ಮೂಲತಃ ಸಂಯಮಿಗಳ ಸೇವೆಯನ್ನು ಕುರಿತದ್ದಾದರೂ, ಇಂಥ ಚಮಚೆಗೂ ಅದನ್ನು ವಿಸ್ತರಿಸಲು ಅಡ್ಡಿಯೇನು?

ಒಂದು ಚಮಚೆಗೆ ಅರ್ಧ ಗಂಟೆ ಬೇಕು, ಅರ್ಧ ಗಂಟೆಗೆ ಆಳು ಬೇಕು. ವೃದ್ಧಾಶ್ರಮಕ್ಕೆ ಕಟ್ಟಡ ನಿಧಿ ಕೂಡಿಸುವ ಟ್ರಸ್ಟುಗಳು ಈ ಲೆಕ್ಕವನ್ನೂ ನೋಡಬೇಕು. ಹದಿನೈದು ಮಂದಿಗೆ, ಐವರಿಗೊಬ್ಬರಂತೆ ಮೂರು ಪಾಳಿ ಎಂದರೆ 9 ಜನ. ವಾರದ ರಜೆಗೆ ಬದಲಿಯವರನ್ನು ಸೇರಿಸಿದರೆ 11. ಅಮೃತಶಿಲೆಯ ನೆಲ ಒಮ್ಮೆಯ ಖರ್ಚು, ಸಂಬಳ ಪ್ರತಿ ತಿಂಗಳಿನದು. ದಾನಿಗಳ ಹೆಸರು ಮೊದಲನೆಯದರ ಮೇಲೆ ಮಾತ್ರ ಕೆತ್ತಲ್ಪಡುವುದರಿಂದಲೋ ಏನೋ, ಎರಡನೆಯದಕ್ಕೆ ಹಣ ಬರುವುದು ಕಡಿಮೆ.

ಕಾನೂನು ಒಂದು ಬಾಗಿಲನ್ನು ತೆರೆದಿದೆ. ಅಂತ್ಯಕಾಲದ ಚಿಕಿತ್ಸೆ ಹೇಗಿರಬೇಕೆಂದು ಮುಂಚಿತವಾಗಿ ಬರೆದಿಡುವುದನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ, ಇಬ್ಬರು ಸಾಕ್ಷಿಗಳೊಡನೆ ಸಹಿ ಮಾಡಿದರೆ ಸಾಕು. ಅದನ್ನೂ ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆಯಬೇಕು. ಚಿತ್ರದ ವೆಂಕೋಬರಾಯರಿಗೆ ಆ ಅವಕಾಶ ಆಗಲೇ ಮೀರಿತ್ತು. ಅವರ ಮಗನಿಗೆ ಇನ್ನೂ ಇದೆ.