ಮದುಮಗಳ ಮುಖಕ್ಕೆ ಯಾರ ಬಣ್ಣ?

ನಮ್ಮ ಮದುವೆಗಳ ವರದಕ್ಷಿಣೆ, ಬಿರಿಯಾನಿಯ ದುಂದುವೆಚ್ಚ ಇವುಗಳ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಮದುಮಗಳ ಮುಖದ ಮೇಲೆ ನಡೆಯುವ ವ್ಯವಹಾರದ ಬಗ್ಗೆ ಬರೆದವರು ಕಡಿಮೆ. ಅದು ಹೆಂಗಸರ ಕೋಣೆಯೊಳಗಿನ ಮಾತು, ಅದರಲ್ಲಿ ವಿಚಾರವೇನಿದೆ ಎಂಬ ಭಾವನೆಯಿರಬೇಕು.

ಕಳೆದ ವರ್ಷ ಅಕ್ಕನ ಮಗಳ ನಿಕಾಹ್‌ಗೆ ಮೂರು ತಿಂಗಳಿರುವಾಗಲೇ ಮೇಕಪ್ ಮಾಡುವ ಹುಡುಗಿಗೆ ಮುಂಗಡ ಕೊಟ್ಟೆವು. ಹದಿನೈದು ದಿನ ಮುಂಚೆ ಟ್ರಯಲ್‌ಗೆ ಕರೆದಳು. ಕೆಲಸ ಬಲ್ಲವಳೆಂಬುದು ಅಲ್ಲಿಯೇ ಗೊತ್ತಾಯಿತು. ಮದುವೆಯ ದುಪಟ್ಟಾ, ಒಡವೆಗಳನ್ನು ತರಲು ಹೇಳಿದ್ದಳು. ಫೌಂಡೇಶನ್ನನ್ನು ಕೈಗೆ ಹಚ್ಚಿ ನೋಡಲಿಲ್ಲ. ದವಡೆಯ ಅಂಚಿಗೆ ಮೂರು ಗೆರೆ ಎಳೆದು, ಕಿಟಕಿಯ ಬೆಳಕಿಗೆ ಕರೆದೊಯ್ದು, ಕುತ್ತಿಗೆಯ ಬಣ್ಣದಲ್ಲಿ ಕರಗಿಹೋದ ಗೆರೆಯನ್ನೇ ಆರಿಸಿದಳು. ಕಿವಿಯ ಹಿಂದೆ ಸ್ವಲ್ಪ ಹಚ್ಚಿ, ತುರಿಕೆ ಬಂದರೆ ನಾಳೆಯೇ ತಿಳಿಸಿ ಎಂದಳು. ಫ್ಲ್ಯಾಷ್ ಹಾಕಿ ಫೋಟೊ ತೆಗೆದಳು. ಕೆಲವು ಪೌಡರ್‌ಗಳು ಕಣ್ಣಿಗೆ ಸರಿಯಾಗಿ ಕಂಡರೂ ಫ್ಲ್ಯಾಷ್ ಬಿದ್ದಾಗ ಸುಣ್ಣ ಬಳಿದಂತೆ ಕಾಣುತ್ತವೆ. ಫೇಶಿಯಲ್ ಹಿಂದಿನ ದಿನ ಬೇಡ, ವಾರ ಮುಂಚೆಯೇ ಮುಗಿಸಿ. ಕಪ್ಪು ಮೆಹಂದಿಯಂತೂ ಬೇಡವೇ ಬೇಡ, ಅದಕ್ಕೆ ಕೂದಲ ಡೈಯಲ್ಲಿರುವ ಪಿಪಿಡಿ ಬೆರೆಸಿರುತ್ತಾರೆ, ಬೊಬ್ಬೆ ಏಳುತ್ತದೆ ಎಂದಳು. ಕೊನೆಗೆ, "ನಮಾಜ್‌ಗೆ ವುಝೂ ಮಾಡಬೇಕಲ್ಲ, ಯಾವ ಹೊತ್ತಿಗೆ ಕೂರಿಸಲಿ?" ಎಂದು ಅವಳೇ ಕೇಳಿದಳು.

ನಮ್ಮಲ್ಲಿ ಯಾರೂ ಅದನ್ನು ಯೋಚಿಸಿರಲಿಲ್ಲ. ಮೆಹಂದಿ ನೀರನ್ನು ತಡೆಯುವುದಿಲ್ಲ, ನೈಲ್ ಪಾಲಿಶ್ ತಡೆಯುತ್ತದೆ ಎಂದು ಮಕ್ಕಳಿಗೆ ನೂರು ಬಾರಿ ಹೇಳಿದವರು ನಾವು. ನೀರಿಗೆ ಜಗ್ಗದ ಮೇಕಪ್ಪಿನೊಳಗೆ ಕೂತವಳ ಮಗ್ರಿಬ್ ಏನಾಗುತ್ತದೆಂದು ಕೇಳಿಕೊಂಡದ್ದಿಲ್ಲ. ಮಗ್ರಿಬ್ ಮುಗಿಸಿಯೇ ಕೂರಿಸುವುದೆಂದು ಗೊತ್ತುಮಾಡಿದೆವು.

ಇಷ್ಟು ತಿಳಿದವಳ ಕೆಲಸವನ್ನು ಕೆಡಿಸಿದವರೂ ನಾವೇ. ಗೆರೆ ಆರಿಸಿದ ಕೂಡಲೇ ಹುಡುಗಿಯ ಫುಪ್ಪು, "ಇದೇನಮ್ಮಾ, ಇದ್ದ ಹಾಗೇ ಇದೆಯಲ್ಲ! ಇನ್ನೂ ಬೆಳ್ಳಗೆ ಮಾಡು" ಎಂದರು. ಉಳಿದವರು ತಲೆಯಾಡಿಸಿದರು. ನಾವೂ ಆಡಿಸಿದೆವು.

"ಆಂಟಿ, ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಕಾಣುತ್ತೆ."

"ಕುತ್ತಿಗೆಗೂ ಹಚ್ಚು."

ಹುಡುಗಿ ಬಾಯಿ ಬಿಡಲಿಲ್ಲ. ಹದಿನೆಂಟು ಸಾವಿರ ಕೊಡುವವರು ನಾವಾಗಿದ್ದೆವು, ಮುಖವಷ್ಟೇ ಅವಳದು.

ಉರ್ದುವಿನಲ್ಲಿ ಚೆಲುವಿಗೆ ಎರಡು ಹೆಸರುಗಳಿವೆ. ಸಬಾಹತ್ ಎಂದರೆ ಬೆಳ್ಳನೆಯ ಚೆಲುವು. ಬೆಳಗನ್ನು ಹೇಳುವ ಸುಬಹ್‌ನ ನಂಟು ಅದಕ್ಕೆ. ಮಲಾಹತ್ ಎಂದರೆ ಎಣ್ಣೆಗೆಂಪಿನ ಚೆಲುವು. ಅದರ ಬೇರು ಅರಬಿಯ ಮಿಲ್ಹ್, ಅಂದರೆ ಉಪ್ಪು. ಕನ್ನಡ ಶಾಲೆಯಲ್ಲಿ ನಾವು ಕಲಿತ 'ಲಾವಣ್ಯ'ದ ಬೇರೂ ಲವಣವೇ! ಎರಡು ಕಡೆಯ ರಸಿಕರಿಗೂ ಚೆಲುವು ನಾಲಿಗೆಗೆ ಉಪ್ಪಾಗಿಯೇ ತಗಲಿದೆ. ಆದರೆ ರಿಷ್ತಾ ಮಾತುಕತೆಯಲ್ಲಿ ನಮ್ಮ ಬಳಿ ಉಳಿದಿರುವುದು ಗೋರಿ, ಸಾಂವ್ಲಿ ಎಂಬ ಎರಡೇ ಮಾತು. ಎರಡನೆಯದನ್ನು ದನಿ ತಗ್ಗಿಸಿ ಹೇಳುತ್ತೇವೆ.

1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಂಪೆನಿಗಾದರೂ ಅಷ್ಟು ಸಂಕೋಚ ಬಂತು, ನಮಗೆ ಬಂದಿಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಬಿಳುಪಿನ ಕ್ರೀಮುಗಳಲ್ಲಿದ್ದ ಪಾದರಸಕ್ಕೂ ಮೂತ್ರಪಿಂಡದ ಕಾಯಿಲೆಗೂ ಇರುವ ಸಂಬಂಧವನ್ನು ಗುರುತಿಸಿದರು. ಮದುವೆ ಗೊತ್ತಾದ ದಿನದಿಂದಲೇ ಹೆಸರಿಲ್ಲದ ಡಬ್ಬಿಗಳನ್ನು ತಂದು ಹಚ್ಚಿಸುವ ತಾಯಂದಿರು ನಮ್ಮ ಬೀದಿಯಲ್ಲೂ ಇದ್ದಾರೆ.

ಮದುವೆಯ ರಾತ್ರಿ ಜಲ್ವಾ ನಡೆಯಿತು. ಮದುಮಗ ಕನ್ನಡಿಯಲ್ಲಿ ಮದುಮಗಳ ಮುಖ ನೋಡುವ ಶಾಸ್ತ್ರವಿದು. 1832ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಜಾಫರ್ ಶರೀಫರ 'ಖಾನೂನ್-ಎ-ಇಸ್ಲಾಂ' ಪುಸ್ತಕದಲ್ಲೂ ದಖ್ಖನಿನ ಜಲ್ವಾದ ವಿವರವಿದೆ. ಈಗಿನ ಮದುಮಗ ಆ ಮುಖವನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿರುತ್ತಾನೆ, ಇರಲಿ. ಅಂದು ಕನ್ನಡಿಯಲ್ಲಿ ಅವನು ಕ್ಷಣ ಹೊತ್ತು ಹುಡುಕಿದಂತೆ ನಮಗೆ ಕಂಡಿತು. ಆಲ್ಬಮ್ಮಿನಲ್ಲಿ ಮೆಹಂದಿಯ ಕೈಗಳು ಒಬ್ಬಳವು, ಮುಖ ಇನ್ನೊಬ್ಬಳದು. ಹುಡುಗಿ ಆಲ್ಬಮ್ಮನ್ನು ಗಂಡನ ಮನೆಗೆ ಒಯ್ಯದೆ ಅಕ್ಕನ ಬೀರುವಿನಲ್ಲೇ ಬಿಟ್ಟುಹೋಗಿದ್ದಾಳೆ.

ಎರಡನೆಯವಳ ಮದುವೆ ಹತ್ತಿರ ಬಂದಿದೆ. ಟ್ರಯಲ್‌ಗೆ ಯಾರ್ಯಾರು ಬರುತ್ತೀರಿ ಎಂದು ಮೇಕಪ್ ಹುಡುಗಿ ಫೋನ್ ಮಾಡಿದ್ದಳು. "ಅವಳೊಬ್ಬಳೇ ಬರುತ್ತಾಳೆ, ನೀವಿಬ್ಬರೇ ನೋಡಿಕೊಳ್ಳಿ" ಎಂದು ಹೇಳಿ ಮುಂಗಡ ಕಳಿಸಿದ್ದೇವೆ. ಫುಪ್ಪುವಿಗೆ ಇನ್ನೂ ತಿಳಿಸಿಲ್ಲ.